ಪಾಠವಿಲ್ಲದ ಬ್ಯಾಚು

"ಯಾಕ್ ಬಂದ್ರಿ?"

ಕೋಚಿಂಗ್ ಸೆಂಟರಿನ ಮೆಟ್ಟಿಲು ಹತ್ತಿ ಬಂದವರನ್ನು ಪಾಪಣ್ಣ ಸರ್ ಮೊದಲು ಕೇಳುತ್ತಿದ್ದುದು ಇದನ್ನೇ. ಬೇರೆ ಸೆಂಟರುಗಳಲ್ಲಿ ಕುರ್ಚಿ ಎಳೆದು ಕೂರಿಸುತ್ತಾರೆ, ನೀರು ಕೊಡುತ್ತಾರೆ, ಹೋದ ವರ್ಷ ಯಾರ್ಯಾರಿಗೆ ಎಲ್ಲೆಲ್ಲಿ ಸೀಟು ಸಿಕ್ಕಿತೆಂದು ಬಣ್ಣದ ಫೋಟೋ ತೋರಿಸುತ್ತಾರೆ. ಇವರು ಬಾಗಿಲಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಇಟ್ಟುಕೊಂಡು, ಸಿಪ್ಪೆ ಬಿಡಿಸುತ್ತಾ ಬಂದವರ ಮುಖ ನೋಡುವರು. ಕೋಚಿಂಗಿಗೆ ಬಂದೆವು ಎಂದರೆ, "ಅದ್ ಗೊತ್ತು. ಮನೇಲಿ ಕೂತು ಓದೋಕೆ ಏನ್ ರೋಗ?" ಎನ್ನುವರು.

ಸೆಂಟರ್ ಇದ್ದದ್ದು ಕೋಲಾರದಲ್ಲಿ, ಬೀಜ ಮತ್ತು ಕೀಟನಾಶಕ ಮಾರುವ ಒಂದು ಅಂಗಡಿಯ ಮೇಲೆ. ಡಿಗ್ರಿ ಮುಗಿಸಿ ಎಂ.ಎಸ್ಸಿ., ಎಂ.ಸಿ.ಎ., ಎಂ.ಬಿ.ಎ. ಪ್ರವೇಶ ಪರೀಕ್ಷೆ ಬರೆಯುವವರಿಗೆ ಸರ್ ಅಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಪಾಠ ಸಂಜೆ ಮಾತ್ರ. ಕೆಳಗಿನಿಂದ ಔಷಧಿಯ ಘಾಟು, ರಸ್ತೆಯಿಂದ ಟೊಮೆಟೊ ಲಾರಿಗಳ ಹಾರನ್ನು, ಇವೆರಡರ ನಡುವೆ ಅವರ ದೊಡ್ಡ ದನಿ. ಶ್ರೀನಿವಾಸಪುರದ ಕಡೆಯವರು, ಮನೆಮಾತು ತೆಲುಗು. ಕನ್ನಡವನ್ನೂ ತೆಲುಗಿನ ರಾಗದಲ್ಲೇ ಎಳೆದು ಆಡುತ್ತಿದ್ದರು. ಏನಾದರೂ ಎಡವಟ್ಟಾದರೆ "ಸರಿಪೋಯಿಂದಿ!" ಎಂದು ಹಣೆ ಚಚ್ಚಿಕೊಳ್ಳುವರು. ಸರಿಹೋಯಿತು ಎಂದು ಅದರ ಅರ್ಥ, ಆದರೆ ಅವರು ಹಾಗೆಂದಾಗ ಯಾವುದೂ ಸರಿಯಾಗಿ ಇರುತ್ತಿರಲಿಲ್ಲ.

ಸೇರಲು ಬಂದವರನ್ನು ಪರೀಕ್ಷಿಸುವ ಕ್ರಮವೊಂದು ಅವರಲ್ಲಿತ್ತು. ಒಳಗೊಂದು ಸಣ್ಣ ರೂಮು, ಅದರಲ್ಲಿ ಎರಡು ಬೆಂಚು, ಒಂದು ಗಡಿಯಾರ. ಬಂದವರ ಫೋನನ್ನು ಇಸಿದುಕೊಂಡು ಸ್ಟೀಲಿನ ಅಕ್ಕಿಡಬ್ಬಕ್ಕೆ ಹಾಕಿ ಮುಚ್ಚಳ ಒತ್ತುವರು. ಕೈಗೊಂದು ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಒಬ್ಬರನ್ನೇ ಒಳಗೆ ಕೂರಿಸುವರು. ಐದು ದಿನ ಬೆಳಿಗ್ಗೆ ಹೀಗೆ ಬರಬೇಕು, ಇದಕ್ಕೆ ಫೀಸಿಲ್ಲ. ಉತ್ತರ ಸರಿಯೋ ತಪ್ಪೋ ಎಂದು ಅವರು ನೋಡುತ್ತಲೇ ಇರಲಿಲ್ಲ. ಎಷ್ಟು ಹೊತ್ತಿಗೆ ಎದ್ದು ಕಿಟಕಿ ಹತ್ತಿರ ಹೋದರು, ಎಷ್ಟು ಸಲ ನೀರು ಕುಡಿಯುವ ನೆವ ಮಾಡಿದರು, ಅಷ್ಟನ್ನು ಬಾಗಿಲ ಸಂದಿಯಿಂದ ನೋಡುವರು. ಎದ್ದು ಎದ್ದು ಓಡಾಡಿದವರನ್ನು ಸೇರಿಸಿಕೊಳ್ಳುವರು. ಕೂತವರನ್ನು ಮನೆಗೆ ಕಳಿಸುವರು.

"ಕೂರೋರಿಗೆ ನಾನು ಬೇಡ. ಕೂರದೋರಿಗೆ ಬೇಕು. ಕೋಚಿಂಗ್ ಅಂದ್ರೆ ಇಷ್ಟೇ ಕಣಪ್ಪ, ಹಿಡಿದು ಕೂರಿಸೋದು. ಮಿಕ್ಕಿದ್ದೆಲ್ಲಾ ಪುಸ್ತಕದಲ್ಲಿದೆ" ಎಂದು ಅವರ ವಾದ.

ಅವರ ಹೆಂಡತಿ ಸಾವಿತ್ರಮ್ಮನವರಿಗೆ ಈ ವಾದ ಒಂಚೂರೂ ಹಿಡಿಸುತ್ತಿರಲಿಲ್ಲ. ಮನೆ ಸೆಂಟರಿನ ಹಿಂದಿನ ಬೀದಿಯಲ್ಲೇ ಇತ್ತು. ಕಾಫಿ ತಂದಾಗಲೆಲ್ಲ, "ಬಂದ ಗಿರಾಕೀನ ಅಂಗಡಿಯೋನೇ ಓಡ್ಸೋದನ್ನ ಎಲ್ಲಾದ್ರೂ ಕಂಡಿದ್ದೀರಾ?" ಎಂದು ನಮ್ಮಂಥವರ ಎದುರಿಗೇ ಕೇಳುವರು. ಸರ್ ಕಾಫಿ ಕುಡಿದು ಲೋಟ ವಾಪಸ್ ಕೊಡುವರು.

ನಾನು ಅಪ್ಪನ ಜೊತೆ ಹೋದದ್ದು ಬಿ.ಎಸ್ಸಿ. ಮುಗಿದ ಬೇಸಿಗೆಯಲ್ಲಿ. ನಮ್ಮದು ಮುಳಬಾಗಿಲು. ಅಪ್ಪ ಅಲ್ಲಿನ ಟ್ರಾಕ್ಟರ್ ಷೋರೂಮಿನಲ್ಲಿ ಲೆಕ್ಕ ಬರೆಯುತ್ತಿದ್ದರು, ಅಮ್ಮ ಅಂಗನವಾಡಿ ಕಾರ್ಯಕರ್ತೆ. ನನಗೆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎಸ್ಸಿ. ಮಾಡಬೇಕೆಂಬ ಹಟ. ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು. ಜೊತೆಯ ಒಬ್ಬಳು ಬೆಂಗಳೂರಿನಲ್ಲಿ ಪಿ.ಜಿ. ಹಿಡಿದು ಕೋಚಿಂಗ್ ಸೇರಿದಳು, ಇನ್ನೊಬ್ಬಳು ಫೋನಿನಲ್ಲೇ ಕೋರ್ಸು ಕೊಂಡಳು. ಆ ಕೋರ್ಸಿನವರು ಇವತ್ತೇ ಆಫರ್ ಮುಗಿಯುತ್ತದೆ ಎಂದು ಎಲ್ಲರಿಗೂ ದಿನಾ ಮೆಸೇಜು ಕಳಿಸುತ್ತಿದ್ದರು. ಸುಮ್ಮನೆ ಮನೆಯಲ್ಲೇ ಓದಿದರಾಗದೇ ಎಂದು ಅಮ್ಮ, ಇಲ್ಲಿಯವರೆಗೆ ಬಂದು ಕೊನೆಗೆ ಜಿಪುಣತನ ಮಾಡಬಾರದೆಂದು ಅಪ್ಪ. ಈ ಚರ್ಚೆ ಮುಗಿಯದೆ ನಾವು ಕೋಲಾರದ ಬಸ್ಸು ಹತ್ತಿದ್ದೆವು.

"ನಮ್ ಹುಡುಗಿ ಬಿ.ಎಸ್ಸಿ.ನಲ್ಲಿ ಕಾಲೇಜಿಗೇ..." ಎಂದು ಅಪ್ಪ ಶುರು ಮಾಡಿದರು.

"ನಿಮ್ಮನ್ನ ಕೇಳ್ಲಿಲ್ಲ ಸ್ವಾಮಿ. ಪರೀಕ್ಷೆ ಬರೆಯೋರು ಯಾರು, ನೀವಾ?" ಎಂದು ಸರ್ ನನ್ನ ಕಡೆ ತಿರುಗಿ, "ಫೋನ್ ಕೊಡಮ್ಮ" ಎಂದರು.

ಐದು ದಿನವೂ ಬೆಳಿಗ್ಗೆ ಹೋಗಿ ಕೂತೆ. ನನಗದು ಕಷ್ಟವೇ ಆಗಲಿಲ್ಲ. ಅಷ್ಟು ಸದ್ದಿಲ್ಲದ ಕೋಣೆಯಲ್ಲಿ ನಾನು ಒಬ್ಬಳೇ ಕೂತದ್ದು ಹುಟ್ಟಿದ ಮೇಲೆ ಅದೇ ಮೊದಲು. ಕೊನೆಯ ದಿನ ಸರ್ ಅಕ್ಕಿಡಬ್ಬದಿಂದ ಫೋನು ತೆಗೆದುಕೊಟ್ಟು, ಕರೆದೊಯ್ಯಲು ಬಂದಿದ್ದ ಅಪ್ಪನಿಗೆ, "ಕರ್ಕೊಂಡ್ ಹೋಗಿ. ಇವಳಿಗೆ ಕೋಚಿಂಗ್ ಬೇಡ. ನಿಮ್ಮ ದುಡ್ಡೂ ದಂಡ, ನನ್ ಟೈಮೂ ದಂಡ" ಎಂದರು.

ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಮಸಾಲೆ ದೋಸೆ ಕೊಡಿಸಿದರು. ಮುಳಬಾಗಿಲಿನಲ್ಲಿ ಇಳಿಯುವಷ್ಟರಲ್ಲಿ ಬಸ್ಸಿನಲ್ಲಿ ಗುರುತಿದ್ದವರಿಗೆಲ್ಲ, ಕೋಲಾರದ ಮೇಷ್ಟ್ರು ನಮ್ಮ ಮಗಳಿಗೆ ಕೋಚಿಂಗೇ ಬೇಡ ಅಂದರು ಎಂದು ಹೇಳಿ ಆಗಿತ್ತು. ನನಗೂ ಜಂಬ ಬಂದದ್ದು ನಿಜ.

ಹಾಗೆ ನಾನು ಮನೆಯಲ್ಲಿ ಓದತೊಡಗಿದೆ. ಓದತೊಡಗಿದೆ ಎನ್ನುವುದಕ್ಕಿಂತ, ಮನೆಯಲ್ಲಿ ಇರತೊಡಗಿದೆ ಎನ್ನುವುದೇ ಸರಿ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ಅಜ್ಜಿ ಮತ್ತು ನಾನು. ಪುಸ್ತಕ ತೆಗೆದರೆ ಗ್ಯಾಸ್ ಸಿಲಿಂಡರಿನವನು ಬರುವನು. ಅವನನ್ನು ಕಳಿಸಿ ಕೂತರೆ ಅಜ್ಜಿಗೆ ಕಣ್ಣಿಗೆ ಔಷಧಿ ಹಾಕುವ ಹೊತ್ತು. ಎದುರು ಮನೆಯ ದೊಡ್ಡಮ್ಮನಿಗೆ ಬ್ಯಾಂಕಿನಲ್ಲಿ ಚಲನ್ ತುಂಬಿಕೊಡಲು ಒಬ್ಬರು ಬೇಕು. ಅವರ ಮೊಮ್ಮಗಳನ್ನು ಸ್ಕೂಲಿನಿಂದ ಕರೆತರಬೇಕು. ಮದುವೆ ಕರೆಯಲು ಬಂದವರಿಗೆ ಕಾಫಿ ಆಗಬೇಕು. ಯಾರೂ ನನ್ನನ್ನು ಗದರಲಿಲ್ಲ, ಓದಬೇಡ ಎನ್ನಲಿಲ್ಲ. ಎಲ್ಲರೂ ಪ್ರೀತಿಯಿಂದಲೇ, "ಮನೇಲೇ ಇದೀಯಲ್ಲ ಲತಾ, ಒಂದ್ ನಿಮಿಷ" ಎನ್ನುತ್ತಿದ್ದರು. ಬೈದಿದ್ದರೆ ಜಗಳವಾಡಬಹುದಿತ್ತು. ಒಂದು ನಿಮಿಷ ಕೇಳುವವರ ಜೊತೆ ಏನೆಂದು ಜಗಳವಾಡುವುದು?

ಪರೀಕ್ಷೆ ಬರೆದೆ. ಸೀಟಿನ ಹತ್ತಿರಕ್ಕೂ ಸುಳಿಯದ ರ್‍ಯಾಂಕು ಬಂತು.

ಮೂರನೆಯ ದಿನ ಅಪ್ಪ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಾ, "ಆ ಮೇಷ್ಟ್ರು ಮರ್ಯಾದೆಗೆ ಹಂಗಂದ್ರೇನೋ. ನಿನ್ ಕೈಲಿ ಆಗಲ್ಲ ಅಂತ ಮುಖದ ಮೇಲೆ ಹೇಳೋಕಾಗ್ದೆ..." ಎಂದರು. ಆ ಮಾತು ರ್‍ಯಾಂಕಿಗಿಂತ ಹೆಚ್ಚು ನೋಯಿಸಿತು. ಕೊನೆಗೆ ಒಪ್ಪಂದವಾಯಿತು. ಇನ್ನೊಂದು ವರ್ಷ, ಅಷ್ಟೆ. ಆಗಲೂ ಸಿಗದಿದ್ದರೆ ಷೋರೂಮಿನಲ್ಲೇ ಬಿಲ್ಲಿಂಗ್ ಕೆಲಸ ಖಾಲಿಯಾಗುವುದಿತ್ತು, ಸುಮ್ಮನೆ ಸೇರಿಕೊಳ್ಳಬೇಕು.

ಮರುದಿನವೇ ಒಬ್ಬಳೇ ಕೋಲಾರಕ್ಕೆ ಹೋದೆ. ಜಗಳವಾಡಲೆಂದೇ ಹೋದದ್ದು. ಸರ್ ಅದೇ ಬಾಗಿಲಲ್ಲಿ, ಅದೇ ಕಡಲೆಕಾಯಿ ಪೊಟ್ಟಣದೊಂದಿಗೆ ಕೂತಿದ್ದರು. ಅವರು ಬಾಯಿ ತೆರೆಯುವ ಮೊದಲೇ, "ಯಾಕ್ ಬಂದೆ ಅಂತ ಕೇಳ್ಬೇಡಿ ಸರ್. ನೀವು ಬೇಡ ಅಂದ್ರಿ, ನಂಬ್ದೆ, ಹಾಳಾಗ್ಹೋದೆ" ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. "ದಿನಾ ಎಷ್ಟೊತ್ತು ಕೂತಿದ್ದೆ?" ಎಂದರು.

"ಎಲ್ಲಿ ಸರ್ ಕೂರೋದು?"

"ಯಾಕೆ, ಎದ್ದಿದ್ದು ನೀನೇನಾ, ಎಬ್ಬಿಸಿದ್ರಾ?"

ಓದಲು ಕೂತ ಒಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನಾಗುತ್ತಿತ್ತೆಂದು ಹೇಳಿದೆ. ಗ್ಯಾಸು, ಔಷಧಿ, ಚಲನ್ನು, ಕಾಫಿ, ಒಂದನ್ನೂ ಬಿಡದೆ ಒಪ್ಪಿಸಿದೆ. ಹೇಳುತ್ತಾ ಅಳು ಬಂತು, ಅಳುತ್ತಲೇ ಹೇಳಿದೆ. ಸರ್ ಕೈಯಲ್ಲಿದ್ದ ಕಡಲೆಕಾಯಿಯನ್ನು ಬಿಡಿಸದೆ ಹಾಗೇ ಹಿಡಿದುಕೊಂಡು ಕೇಳಿದರು.

"ಸರಿಪೋಯಿಂದಿ" ಎಂದರು. ಈ ಸಲ ಹಣೆ ಚಚ್ಚಿಕೊಳ್ಳಲಿಲ್ಲ. "ತಪ್ಪು ನಂದಮ್ಮ. ನೀನು ಕೂರ್ತೀಯಾ ಅಂತ ನೋಡ್ದೆ. ಕೂರೋಕೆ ಬಿಡ್ತಾರಾ ಅಂತ ಕೇಳ್ಲೇ ಇಲ್ಲ."

ಹಿಡಿದಿದ್ದ ಕಡಲೆಕಾಯಿಯನ್ನು ಪೊಟ್ಟಣಕ್ಕೆ ಹಾಕಿ, "ಕಾಲೇಜಿಗೆ ಹೋಗ್ತಿದ್ದಾಗ? ಆಗ್ಲೂ ಗ್ಯಾಸ್ ಬರ್ತಿತ್ತಲ್ಲ?" ಎಂದು ಕೇಳಿದರು.

"ಕಾಲೇಜಿದ್ರೆ ಯಾರು ಕೇಳ್ತಾರೆ ಸರ್? ಕಾಲೇಜಲ್ವಾ?"

"ಅದೇ. ಓದ್ಕೋತೀನಿ ಅಂದ್ರೆ ಬಿಡಲ್ಲ, ಕ್ಲಾಸಿಗೆ ಹೋಗ್ತೀನಿ ಅಂದ್ರೆ ಬಿಡ್ತಾರೆ. ಭಾನುವಾರ ನಿಮ್ಮಪ್ಪನ್ನ ಮನೇಲಿರೋಕೆ ಹೇಳು" ಎಂದರು.

ಭಾನುವಾರ ಹೇಳಿದಂತೆಯೇ ಬಂದರು, ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು. ಮೊದಲು ಅಜ್ಜಿಯ ಹತ್ತಿರ ತೆಲುಗಿನಲ್ಲಿ ಯಾವ ಊರು, ಯಾರ ಪೈಕಿ ಎಂದೆಲ್ಲ ಮಾತಾಡಿ, ಶ್ರೀನಿವಾಸಪುರದ ಕಡೆ ಒಂದು ನಂಟು ಬೆಸೆದುಕೊಂಡರು. ಆಮೇಲೆ ಅಪ್ಪನಿಗೆ ಹೇಳಿದರು: "ಹೋದ ವರ್ಷ ನಾನು ಹೇಳಿದ್ದು ತಪ್ಪಾಯ್ತು. ಇವಳಿಗೆ ಕ್ಲಾಸ್ ಬೇಕು. ಈ ಸಲ ಬೆಳಿಗ್ಗೆ ಸ್ಪೆಷಲ್ ಬ್ಯಾಚ್ ಮಾಡ್ತಿದೀನಿ. ಒಂದು ದಿನ ತಪ್ಪಿಸಿದ್ರೂ ನಿಮಗೆ ಫೋನ್ ಬರತ್ತೆ. ಫೀಸು ಮೊದ್ಲೇ ಪೂರ್ತಿ ಕಟ್ಟಬೇಕು."

ಫೀಸು ಎಷ್ಟೆಂದು ಕೇಳಿ ಅಪ್ಪ ನೀರು ಕುಡಿದರು. ಸ್ವಲ್ಪ ಕಡಿಮೆ ಮಾಡಿಕೊಳ್ಳಬಹುದೇ ಎಂದು ಮೆಲ್ಲಗೆ ಕೇಳಿದರು. "ಒಂದ್ ರೂಪಾಯಿನೂ ಬಿಡಲ್ಲ" ಎಂದರು ಸರ್. ಅಜ್ಜಿಯ ಕಡೆಯಿಂದ ಹೊಸದಾಗಿ ಸಿಕ್ಕಿದ ನಂಟು ಕೂಡ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಅವರನ್ನು ಬಸ್ಸು ಹತ್ತಿಸಲು ಹೋದಾಗ ಕೇಳಿದೆ, "ಬೆಳಿಗ್ಗೆ ಬ್ಯಾಚಲ್ಲಿ ಏನ್ ಪಾಠ ಮಾಡ್ತೀರ ಸರ್?"

"ಏನೂ ಇಲ್ಲ. ನಾನು ಬರೋದೇ ಇಲ್ಲ. ಬೀಗದ ಕೈ ಕೆಳಗೆ ಅಂಗಡೀಲಿರತ್ತೆ, ತಗೊಂಡು ಕೂತ್ಕೋ."

"ಮತ್ತೆ ಅಷ್ಟು ಫೀಸು ಯಾಕ್ ಸರ್? ಅಪ್ಪ ಎಲ್ಲಿಂದ ತರ್ತಾರೆ?" ನನಗೆ ಕೋಪವೇ ಬಂದಿತ್ತು.

"ಫೀಸಿಲ್ದಿದ್ರೆ ಅದು ಕ್ಲಾಸ್ ಆಗಲ್ಲಮ್ಮ. ಬಿಟ್ಟಿ ಅಂದ್ರೆ ನಾಳೆನೇ, ಇವತ್ತೊಂದಿನ ಬಿಡು, ಯಾರೋ ಬರ್ತಾರೆ ಅಂತಾರೆ. ಇಷ್ಟು ಕಟ್ಟಿದ ಮೇಲೆ ಅಂತಾರಾ ನೋಡು" ಎಂದು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರು.

ಅವರ ಲೆಕ್ಕ ತಪ್ಪಲಿಲ್ಲ. ಮೊದಲ ವಾರವೇ ಗ್ಯಾಸು ಬಂತು. ನಾನು ಬಸ್ಸಿನಲ್ಲಿದ್ದೆ. ಸಿಲಿಂಡರಿನವನು ಬೀಗ ನೋಡಿ ಎದುರು ಮನೆಯಲ್ಲಿ ಇಳಿಸಿ ಹೋದ. ಅಜ್ಜಿಯನ್ನು ಹಗಲು ದೊಡ್ಡಮ್ಮ ತಮ್ಮ ಮನೆಗೇ ಕರೆದೊಯ್ದು ಔಷಧಿ ಹಾಕತೊಡಗಿದರು. ದೊಡ್ಡಮ್ಮನ ಚಲನನ್ನು ಬ್ಯಾಂಕಿನವರೇ ತುಂಬಿಕೊಟ್ಟರು. ನಾನಿಲ್ಲದೆ ನಿಂತುಹೋಗುವ ಕೆಲಸ ಒಂದೂ ಇರಲಿಲ್ಲ. ಒಂದು ವರ್ಷ ಅದಕ್ಕಾಗಿ ಕಳೆದುಕೊಂಡಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು.

ಬ್ಯಾಚಿನಲ್ಲಿ ಮೊದಲ ತಿಂಗಳು ನಾನೊಬ್ಬಳೇ. ಆಮೇಲೆ ಮಾಲೂರಿನಿಂದ ಶಬಾನಾ ಎಂಬುವಳು ಬಂದಳು. ಅವಳ ಮನೆಗೂ ಸರ್ ಹೋಗಿ ಬಂದಿದ್ದರಂತೆ, ಅಲ್ಲೂ ಫೀಸಿನಲ್ಲಿ ಒಂದು ರೂಪಾಯಿ ಬಿಟ್ಟಿರಲಿಲ್ಲ. ಹುಡುಗರು ಸೇರಲು ಬಂದರೆ ಸರ್ ಹಳೆಯ ಹಾಗೆ ಐದು ದಿನ ಕೂರಿಸುತ್ತಿದ್ದರು. ಹುಡುಗಿಯರು ಬಂದರೆ ಮಾತ್ರ ಹೊಸದೊಂದು ಪ್ರಶ್ನೆ ಸೇರಿಕೊಂಡಿತ್ತು. "ಮನೇಲಿ ಹಗಲು ಯಾರ್ಯಾರ್ ಇರ್ತಾರೆ?" ಎನ್ನುವರು. ಗುರುತಿಲ್ಲದವರಿಗೆ ಅದು ಎಷ್ಟು ಎಡವಟ್ಟಾಗಿ ಕೇಳಿಸುತ್ತದೆಂದು ಅವರಿಗೆ ಹೊಳೆದೇ ಇರಲಿಲ್ಲ. ಒಬ್ಬ ತಂದೆ ಮೆಟ್ಟಿಲ ಮೇಲೇ ಜಗಳಕ್ಕೆ ನಿಂತಿದ್ದರು. ಸಾವಿತ್ರಮ್ಮ ಬಂದು ಅವರನ್ನು ಸಮಾಧಾನ ಮಾಡಿ ಕಾಫಿ ಕೊಟ್ಟು ಕಳಿಸಿದರು.

ಪಾಠ ಮಾಡುವುದಿಲ್ಲ ಎಂದಿದ್ದವರು ಪಾಠ ಮಾಡಲೇ ಇಲ್ಲ. ಬಗೆಹರಿಯದ ಲೆಕ್ಕವಿದ್ದರೆ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು ಬರುತ್ತಿದ್ದೆವು. ಸಂಜೆ ಬ್ಯಾಚು ಮುಗಿಸಿ ಹೋಗುವಾಗ ಅವರು ಅದರ ಕೆಳಗೆ ಒಂದೇ ಒಂದು ಸಾಲು ಬರೆದಿರುತ್ತಿದ್ದರು. ಪೂರ್ತಿ ಬಿಡಿಸಿರುತ್ತಿರಲಿಲ್ಲ. ಆ ಸಾಲು ಹಿಡಿದು ಮುಂದಕ್ಕೆ ಹೋಗಲು ನಮಗೆ ಕೆಲವೊಮ್ಮೆ ಇಡೀ ಬೆಳಿಗ್ಗೆ ಬೇಕಾಗುತ್ತಿತ್ತು.

ಎರಡನೆಯ ಸಲ ನನಗೆ ಹೈದರಾಬಾದಿನಲ್ಲಿ ಸೀಟು ಸಿಕ್ಕಿತು. ತೆಲುಗಿನವರ ಊರು, ಪರವಾಗಿಲ್ಲ ಎಂದು ಅಜ್ಜಿ ಒಪ್ಪಿಗೆ ಕೊಟ್ಟರು. ಅಪ್ಪ ಷೋರೂಮಿನಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದರು. ನಾನೂ ಒಂದು ಡಬ್ಬ ತೆಗೆದುಕೊಂಡು ಕೋಲಾರಕ್ಕೆ ಓಡಿದೆ. ಪಾಪಣ್ಣ ಸರ್ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, "ಸರಿ. ಬೆಂಚಿನ ಮೇಲಿರೋ ನಿನ್ ಪುಸ್ತಕಗಳನ್ನ ತಗೊಂಡ್ಹೋಗು. ಇನ್ನೊಬ್ಬಳು ಕಾಯ್ತಾ ಇದಾಳೆ" ಎಂದರು. ಅಷ್ಟೆ. ಫೀಸು ವಾಪಸ್ ಕೊಡಬಹುದೆಂದು ಅಪ್ಪನಿಗೆ ಒಳಗೊಳಗೇ ಆಸೆ ಇತ್ತು, ಏಕೆಂದರೆ ಅಷ್ಟರಲ್ಲಿ ಪಾಠವೇ ಇರಲಿಲ್ಲವೆಂಬ ನಿಜವನ್ನು ನಾನು ಹೇಳಿಬಿಟ್ಟಿದ್ದೆ. ಸರ್ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ ಎಂದು ನನ್ನ ಅಭಿಪ್ರಾಯ. ಅಪ್ಪ ಇದನ್ನು ಇವತ್ತಿಗೂ ಒಪ್ಪುವುದಿಲ್ಲ.

ಓದು ಮುಗಿಸಿ ಕೋಲಾರದಲ್ಲೇ ಅತಿಥಿ ಉಪನ್ಯಾಸಕಿಯಾಗಿ ಸೇರಿದೆ. ಒಂದು ಸಣ್ಣ ಬಾಡಿಗೆ ಮನೆ ಹಿಡಿದೆ. ಅಷ್ಟರಲ್ಲಿ ಸರ್ ಸೆಂಟರ್ ಮುಚ್ಚಿದ್ದರು. ಎಲ್ಲರೂ ಫೋನಿನಲ್ಲೇ ಪಾಠ ಕೇಳುವಾಗ ಕೀಟನಾಶಕದ ಅಂಗಡಿಯ ಮೆಟ್ಟಿಲು ಹತ್ತುವವರು ಕಡಿಮೆಯಾಗಿದ್ದರು. ಅದಕ್ಕೆ ಅವರೇನೂ ಕೊರಗಿದ ಹಾಗೆ ಕಾಣಲಿಲ್ಲ. ಈಗ ನನ್ನ ವಿದ್ಯಾರ್ಥಿನಿಯರು ನನ್ನನ್ನು ಕೇಳುತ್ತಾರೆ, ಕೋಚಿಂಗ್ ಸೇರಲೋ, ನಾನೇ ಓದಿಕೊಳ್ಳಲೋ ಎಂದು. ನಿನ್ನ ಮಾರ್ಕ್ಸ್ ಎಷ್ಟು ಎಂದು ನಾನು ಕೇಳುವುದಿಲ್ಲ. ಮನೆಯಲ್ಲಿ ಹಗಲು ಯಾರಿರುತ್ತಾರೆ ಎಂದೇ ಕೇಳುತ್ತೇನೆ. ಅವರೂ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

ಹೋದ ವರ್ಷ ಒಂದು ಮಧ್ಯಾಹ್ನ ಪಾಪಣ್ಣ ಸರ್ ನನ್ನ ಬಾಡಿಗೆ ಮನೆಗೆ ಬಂದರು. ಬಹಳ ಇಳಿದುಹೋಗಿದ್ದರು, ಷರಟು ಹೆಗಲಿನಿಂದ ಜಾರುವ ಹಾಗಿತ್ತು. ಕೂತು ನೀರು ಕುಡಿದು, ಜೇಬಿನಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು.

"ಇದು ಫೀಸು. ರಸೀತಿ ಕೊಡು, ಮನೇಲಿ ತೋರಿಸಬೇಕು."

"ಯಾರ ಫೀಸು ಸರ್?"

"ನಮ್ ಸೊಸೆ ಸುಮಾ. ಎಂ.ಸಿ.ಎ. ಪರೀಕ್ಷೆ ಕಟ್ತೀನಿ ಮಾವ ಅಂತ ಎರಡು ವರ್ಷದಿಂದ ಹೇಳ್ತಿದಾಳೆ. ಮನೇಲೇ ಓದ್ಕೊಳ್ಳಮ್ಮ, ನಾನಿದೀನಲ್ಲ ಅಂದಿದ್ದೆ." ಅವರು ಗೋಡೆ ನೋಡುತ್ತಾ ಮಾತಾಡಿದರು. "ಮೊನ್ನೆ ಕಾಫಿ ಕೇಳ್ದೆ. ಪುಸ್ತಕ ಮಡಚಿಟ್ಟು ಎದ್ದು ಬಂದ್ಲು. ಆಗ ಕಣ್ಣಿಗೆ ಬಿತ್ತು ನೋಡು. ದಿನಕ್ಕೆ ಮೂರು ಸಲ ಎಬ್ಬಿಸ್ತಾ ಇದ್ದೋನು ನಾನೇ. ಊರೋರ ಮನೇಗೆಲ್ಲಾ ಹೋಗಿ ಹೇಳಿ ಬಂದೆ, ನನ್ ಮನೇದು ನನಗೇ ಕಾಣ್ಲಿಲ್ಲ."

ನಾನು ಲಕೋಟೆಯನ್ನು ಅವರ ಕಡೆಗೇ ಸರಿಸಿದೆ. "ಲಕೋಟೆ ಇಟ್ಕೊಳಿ ಸರ್, ಸುಮ್ನೆ ಕಳಿಸಿ" ಎಂದೆ.

"ಬಿಟ್ಟಿ ಬೇಡ. ನಮ್ಮನೇವಳಿಗೆ ಗೊತ್ತಾದ್ರೆ ಒಂದ್ ವಾರ ನಡಿಯಲ್ಲ. ಕ್ಲಾಸು ಅಂತ ಹೇಳಿದೀನಿ, ಕ್ಲಾಸೇ ಆಗಿರ್ಲಿ. ಪಾಠ ಗೀಠ ಏನೂ ಬೇಡ" ಎಂದು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ಅವಳ ಮಗೂನ ನಾನ್ ನೋಡ್ಕೋತೀನಿ" ಎಂದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಆಗಲೇ.

ಸುಮಾ ದಿನಾ ಬೆಳಿಗ್ಗೆ ಬಂದು ನನ್ನ ಮುಂದಿನ ಕೋಣೆಯಲ್ಲಿ ಕೂರತೊಡಗಿದಳು. ನಾನು ಕಾಲೇಜಿಗೆ ಹೋದ ಮೇಲೂ ಕೂತಿರುತ್ತಿದ್ದಳು. ಮೂರು ತಿಂಗಳು ಹೀಗೆ ನಡೆಯಿತು. ಪರೀಕ್ಷೆ ಇನ್ನೂ ದೂರವಿತ್ತು. ಒಂದು ದಿನ ಅವಳು ಬರಲಿಲ್ಲ. ಬೆಳಗಿನ ಜಾವ ಮಾವನಿಗೆ ಎದೆನೋವು ಬಂತು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು ಎಂದು ಫೋನು ಬಂತು. ಕೂಡಲೇ ಅವರ ಮನೆಗೆ ಹೋದೆ. ನನಗೆ ತಿಳಿಯದ ಎಷ್ಟೋ ಹೆಂಗಸರು ಅಂಗಳದಲ್ಲಿ ನಿಂತು ಅಳುತ್ತಿದ್ದರು. ಮಾಲೂರಿನಿಂದ ಶಬಾನಾ ಕೂಡ ಬಂದಿದ್ದಳು. ನಾನೂ ಅತ್ತೆ.

ಸುಮಾಳ ಓದು ಅಲ್ಲಿಗೆ ಮುಗಿಯಿತೆಂದೇ ನಾನು ತಿಳಿದಿದ್ದೆ. ಮಗುವನ್ನು ನೋಡಿಕೊಳ್ಳುತ್ತಿದ್ದವರು ಅವರು, ಕ್ಲಾಸೆಂದು ಹೇಳಿ ಕಳಿಸುತ್ತಿದ್ದವರೂ ಅವರೇ. ಅವರ ಮಗ, ಸುಮಾಳ ಗಂಡ, ಮಾಲೂರಿನ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದವನು. ಇನ್ನು ಆ ಮನೆಯಲ್ಲಿ ಅವಳನ್ನು ಯಾರು ಬಿಡುತ್ತಾರೆ ಎಂದುಕೊಂಡೆ.

ಹನ್ನೊಂದನೇ ದಿನದ ತಿಥಿ ಮುಗಿದ ಮರುದಿನ ಬೆಳಿಗ್ಗೆ ನನ್ನ ಮನೆ ಮುಂದೆ ಆಟೋ ನಿಂತಿತು. ಸಾವಿತ್ರಮ್ಮ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಇಳಿದರು, ಹಿಂದೆ ಸುಮಾ. ಸಾವಿತ್ರಮ್ಮನ ಕಣ್ಣು ಊದಿಕೊಂಡಿತ್ತು.

"ಇಷ್ಟು ಬೇಗ ಯಾಕಮ್ಮ? ಮನೇಲಿ ನೆಂಟರಿದಾರಲ್ಲ" ಎಂದೆ.

"ಇದಾರೆ. ಇರ್ಲಿ."

"ಇನ್ನೊಂದ್ ವಾರ ಬಿಟ್ಟು ಬಂದ್ರೂ ಪಾಠ ಏನೂ ತಪ್ಪಿಹೋಗಲ್ಲ..." ಎಂದು ತಡವರಿಸಿದೆ.

ಅವರು ನನ್ನ ಮುಖವನ್ನೇ ನೋಡಿದರು. "ನೀನು ಪಾಠ ಮಾಡಲ್ಲ ಅಂತ ನಂಗೊತ್ತು ಕಣಮ್ಮ. ಅವ್ರೂ ಆ ಬೆಳಿಗ್ಗೆ ಬ್ಯಾಚಿಗೆ ಮಾಡ್ತಿರ್ಲಿಲ್ಲ. ಅಷ್ಟು ವರ್ಷ ಕಾಫಿ ತಂದುಕೊಟ್ಟೋಳಿಗೆ ಅಷ್ಟೂ ಗೊತ್ತಾಗಲ್ವಾ? ಒಳಗೆ ಕರ್ಕೊಂಡ್ಹೋಗಿ ಕೂರ್ಸು."

ಸುಮಾ ಒಳಗೆ ಹೋಗಿ ಪುಸ್ತಕ ತೆರೆದಳು. ಸಾವಿತ್ರಮ್ಮ ಅದೇ ಆಟೋದಲ್ಲಿ ಮಗುವಿನೊಂದಿಗೆ ಹೊರಟರು. ತಿಥಿಗೆ ಬಂದ ನೆಂಟರಿಗೆ ಅಡುಗೆ ಆಗಬೇಕಿತ್ತು, ಹಿಂದಿನ ದಿನದ ಪಾತ್ರೆಗಳೆಲ್ಲ ಹಾಗೇ ಬಿದ್ದಿದ್ದವು.